ಬಿಲ್ಲೆಯೂ ಮನೆತನದ ಚರಿತ್ರೆಯೂ: ಎರಡನೆಯ ಮಹಾಯುದ್ಧದ ಪ್ಯಾರಾಶೂಟ್ ಸೈನಿಕರ ಲಾಂಛನಗಳನ್ನು ಕುರಿತು

ಚರಿತ್ರೆಯ ಆಧಾರಗಳೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಶಾಸನ, ನಾಣ್ಯ, ತಾಮ್ರಪಟ, ಕಡತ, ಕೈಫಿಯತ್ತುಗಳು ಬರುತ್ತವೆ. ಸೈನಿಕನ ಟೋಪಿಯ ಮೇಲಿನ ಲೋಹದ ಬಿಲ್ಲೆಗೂ ಅವನ ತೋಳಿನ ಮೇಲೆ ಹೊಲಿದ ಬಟ್ಟೆಯ ಲಾಂಛನಕ್ಕೂ ಈ ಸಾಲಿನಲ್ಲಿ ಸ್ಥಾನವುಂಟೆಂದರೆ ಕೆಲವರಿಗೆ ಅತಿಶಯೋಕ್ತಿಯೆನಿಸಬಹುದು. ಆದರೆ ಎರಡನೆಯ ಮಹಾಯುದ್ಧದಲ್ಲಿ ವಿಮಾನದಿಂದ ಧುಮುಕಿ ಕಾದಿದ ಪಡೆಗಳ ಬಿಲ್ಲೆಗಳನ್ನು ಸಂಗ್ರಹಿಸುವ ಹವ್ಯಾಸ ಯುರೋಪು ಅಮೆರಿಕಗಳಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಆ ಹವ್ಯಾಸದ ಮಗ್ಗುಲಲ್ಲೇ ಬಿಲ್ಲೆಯನ್ನು ತೊಟ್ಟವನು ಯಾರು, ಅವನ ಮನೆತನ ಯಾವುದು, ಯುದ್ಧದ ತರುವಾಯ ಅವನಿಗೇನಾಯಿತು ಎಂಬ ಅನ್ವೇಷಣೆಯೂ ಬೆಳೆದಿದೆ. ಈ ಬಿಲ್ಲೆಗಳ ಸ್ವರೂಪವೇನು, ಅವುಗಳಿಂದ ಚರಿತ್ರಕಾರನಿಗೆ ತಿಳಿಯುವುದೆಷ್ಟು, ತಿಳಿಯದೆ ಉಳಿಯುವುದೆಷ್ಟು, ಮನೆತನದ ವೃತ್ತಾಂತ ಈ ಕೊರತೆಯನ್ನು ಹೇಗೆ ತುಂಬಬಲ್ಲುದು ಎಂಬುದನ್ನು ವಿಶದಪಡಿಸುವುದು ಈ ಲೇಖನದ ಉದ್ದೇಶ.

ಕನ್ನಡನಾಡಿನ ವಿದ್ಯಾರ್ಥಿಗೆ ಈ ವಿಷಯವನ್ನು ಪ್ರವೇಶಿಸಲು ವೀರಗಲ್ಲೇ ಸುಲಭವಾದ ಬಾಗಿಲು. ಬರೆಹವುಳ್ಳ ವೀರಗಲ್ಲು ಮಡಿದವನ ಹೆಸರನ್ನೂ, ಕಾಳಗದ ಕಾರಣ ತುರುಗೋಳೋ ಊರಳಿವೋ ಪೆಣ್ಬುಯ್ಯಲೋ ಎಂಬುದನ್ನೂ, ಅನೇಕ ವೇಳೆ ಕಲ್ಲನ್ನು ನಿಲ್ಲಿಸಿದ ಬಂಧುವಿನ ಹೆಸರನ್ನೂ ತಿಳಿಸುತ್ತದೆ. ಅದು ಅವನನ್ನು ಬಲ್ಲವರ ನಡುವೆ ನಿಂತಿರುತ್ತದೆ. ಇಪ್ಪತ್ತನೆಯ ಶತಮಾನದ ಸೇನೆಯ ಬಿಲ್ಲೆ ಇದಕ್ಕೆ ತೀರ ವಿರುದ್ಧವಾದ ವಸ್ತು. ಅದು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಅಚ್ಚಾದದ್ದು; ಅದರಲ್ಲಿ ಸಾಮಾನ್ಯವಾಗಿ ಹೆಸರಿಲ್ಲ, ಊರಿಲ್ಲ, ಕಾಳಗದ ಉಲ್ಲೇಖವಿಲ್ಲ. ಇವೆಲ್ಲವೂ ಉಳಿದಿರುವುದು ಬಿಲ್ಲೆಯ ಹೊರಗೆ: ಒಂದು ಭಾಗ ಸರ್ಕಾರದ ದಫ್ತರದಲ್ಲಿ, ಒಂದು ಭಾಗ ಮನೆಯವರ ನೆನಪಿನಲ್ಲಿ. ಆದುದರಿಂದ ಬಿಲ್ಲೆ ಮನೆಯಿಂದ ಹೊರಟು ಕೈಯಿಂದ ಕೈಗೆ ಮಾರಾಟವಾಗುವಾಗ ವಸ್ತು ಉಳಿದರೂ ಆಧಾರ ಅಳಿಯುತ್ತದೆ. ಮುಂದೆ ಹೇಳುವ ಮಾತುಗಳಿಗೆಲ್ಲ ಇದೇ ತಳಹದಿ.

೧. ಬಿಲ್ಲೆಗಳ ಮೂರು ಬಗೆ

ಪ್ಯಾರಾಶೂಟ್ ಸೈನಿಕರ ಲಾಂಛನಗಳೆಂದು ಒಟ್ಟಾಗಿ ಕರೆಯುವ ವಸ್ತುಗಳಲ್ಲಿ ಮೂರು ಬಗೆಗಳಿವೆ. ಇವನ್ನು ಬೆರೆಸಿದರೆ ತಪ್ಪು ತೀರ್ಮಾನಗಳಿಗೆ ಅವಕಾಶವಾಗುವುದರಿಂದ ಮೊದಲು ಬೇರ್ಪಡಿಸಿಕೊಳ್ಳಬೇಕು.

ಮೊದಲನೆಯದು ಅರ್ಹತೆಯ ಬಿಲ್ಲೆ. ಗೊತ್ತುಪಡಿಸಿದಷ್ಟು ಬಾರಿ ಧುಮುಕಿ ಶಿಕ್ಷಣವನ್ನು ಮುಗಿಸಿದವನಿಗೆ ಮಾತ್ರ ಅದು ದೊರೆಯುತ್ತದೆ. ಎರಡನೆಯದು ರೆಜಿಮೆಂಟಿನ ಟೋಪಿಯ ಬಿಲ್ಲೆ. ಆ ರೆಜಿಮೆಂಟಿಗೆ ಸೇರಿದವರೆಲ್ಲ ಅದನ್ನು ಧರಿಸುವರು. ಮೂರನೆಯದು ಡಿವಿಜನ್ನು ಅಥವಾ ಬ್ರಿಗೇಡಿನಂಥ ದೊಡ್ಡ ಪಡೆಯ ಚಿಹ್ನೆ. ಆ ಪಡೆಯಲ್ಲಿರುವ ಅಡಿಗೆಯವನಿಂದ ಸೇನಾಧಿಕಾರಿಯವರೆಗೆ ಎಲ್ಲರ ತೋಳಿನ ಮೇಲೂ ಅದು ಇರುತ್ತದೆ.

ಬ್ರಿಟನ್ನಿನ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ೧೯೪೦ರ ಜೂನ್ ತಿಂಗಳಲ್ಲಿ ಪ್ರಧಾನಮಂತ್ರಿ ಚರ್ಚಿಲ್ ಕನಿಷ್ಠ ೫,೦೦೦ ಮಂದಿಯ ಪ್ಯಾರಾಶೂಟ್ ಪಡೆಯೊಂದು ಸಿದ್ಧವಾಗಬೇಕೆಂದು ಆಜ್ಞಾಪಿಸಿದನು. ಮ್ಯಾಂಚೆಸ್ಟರ್ ನಗರದ ಬಳಿಯ ರಿಂಗ್‌ವೇ ವಿಮಾನನಿಲ್ದಾಣದಲ್ಲಿ ಶಿಕ್ಷಣ ಆರಂಭವಾಯಿತು. ಆ ವರ್ಷದ ಕೊನೆಯಲ್ಲಿ ಅರ್ಹತೆಯ ಲಾಂಛನಕ್ಕೆ ಮಂಜೂರಾತಿ ದೊರೆಯಿತು: ಎರಡು ತಿಳಿನೀಲಿ ರೆಕ್ಕೆಗಳ ನಡುವೆ ಬಿಳಿಯ ಪ್ಯಾರಾಶೂಟು, ಕಸೂತಿಯಿಂದ ಮಾಡಿದ ಬಟ್ಟೆಯ ತುಂಡು, ಬಲದೋಳಿನ ಮೇಲ್ಭಾಗದಲ್ಲಿ ಧರಿಸತಕ್ಕದ್ದು. ಪ್ಯಾರಾಶೂಟ್ ರೆಜಿಮೆಂಟು ಸ್ಥಾಪಿತವಾದದ್ದು ೧೯೪೨ರ ಆಗಸ್ಟಿನಲ್ಲಿ. ರೆಕ್ಕೆಗಳ ನಡುವೆ ತೆರೆದ ಪ್ಯಾರಾಶೂಟು, ಅದರ ಮೇಲೆ ಕಿರೀಟ, ಕಿರೀಟದ ಮೇಲೆ ಸಿಂಹ ಇರುವ ಟೋಪಿಯ ಬಿಲ್ಲೆ ಬಳಕೆಗೆ ಬಂದದ್ದು ೧೯೪೩ರಲ್ಲಿ. ಇನ್ನು ಪಡೆಯ ಚಿಹ್ನೆಯೆಂದರೆ ಕೆಂಗಂದು ಬಣ್ಣದ ಚೌಕದ ಮೇಲೆ ತಿಳಿನೀಲಿಯ ರೆಕ್ಕೆಗುದುರೆ ಪೆಗಾಸಸ್ ಮತ್ತು ಅದನ್ನೇರಿದ ಗ್ರೀಕ್ ಪುರಾಣದ ವೀರ ಬೆಲೆರೊಫಾನ್. ಇದನ್ನು ಚಿತ್ರಿಸಿದವನು ಎಡ್ವರ್ಡ್ ಸೀಗೊ ಎಂಬ ಕಲಾವಿದ.

ಮೊಮ್ಮಗನೊಬ್ಬನ ಬಳಿ ಪೆಗಾಸಸ್ ಚಿಹ್ನೆಯೊಂದೇ ಇದ್ದರೆ ಅವನ ಅಜ್ಜ ವಿಮಾನದಿಂದ ಧುಮುಕಿದ್ದನೆಂದು ಅದರಿಂದ ಸಿದ್ಧವಾಗುವುದಿಲ್ಲ. ಅವನು ಗ್ಲೈಡರಿನಲ್ಲಿ ಇಳಿದ ಕಾಲಾಳೋ, ಲಾರಿ ನಡೆಸಿದವನೋ ಆಗಿದ್ದಿರಬಹುದು. ರೆಕ್ಕೆಯ ಬಿಲ್ಲೆಯಿದ್ದರೆ ಅವನು ಶಾಲೆಯಲ್ಲಿ ಧುಮುಕಿದ್ದು ಸಿದ್ಧವಾಗುತ್ತದೆ. ರಣರಂಗದಲ್ಲಿ ಧುಮುಕಿದ್ದು ಆಗಲೂ ಸಿದ್ಧವಾಗುವುದಿಲ್ಲ. ಮನೆಗಳಲ್ಲಿ ಹೇಳುವ ಕಥೆಗಳೂ ಬಿಲ್ಲೆಗಳ ಸಾಕ್ಷ್ಯವೂ ಬೇರೆಯಾಗುವುದು ಹೆಚ್ಚಾಗಿ ಈ ಎಡೆಯಲ್ಲೇ.

೨. ಇತರ ದೇಶಗಳ ಬಿಲ್ಲೆಗಳು

ಜರ್ಮನಿಯ ವಾಯುಸೇನೆಯ ಪ್ಯಾರಾಶೂಟ್ ಬಿಲ್ಲೆ ೧೯೩೬ರ ನವೆಂಬರಿನಲ್ಲಿ ಸ್ಥಾಪಿತವಾಯಿತು. ಭೂಸೇನೆಗೆ ಬೇರೊಂದು ರೂಪ ಮರುವರ್ಷ ಬಂದಿತು. ಎಲೆಗಳ ಹಾರದ ನಡುವೆ ಕೆಳಮುಖವಾಗಿ ಎರಗುವ ಹದ್ದು, ಅದರ ಉಗುರುಗಳಲ್ಲಿ ಸ್ವಸ್ತಿಕ ಇದರ ವಿನ್ಯಾಸ. ಇದು ಲೋಹದ ಬಿಲ್ಲೆ. ಇದರೊಡನೆ ಪ್ರಮಾಣಪತ್ರವನ್ನೂ ಕೊಡುತ್ತಿದ್ದರು. ಪತ್ರವೂ ಬಿಲ್ಲೆಯೂ ಜೊತೆಯಾಗಿ ಉಳಿದಿದ್ದರೆ ಹೆಸರು, ದಳ, ತಾರೀಖುಗಳು ದೊರೆಯುತ್ತವೆ. ಬಿಲ್ಲೆಯೊಂದೇ ಉಳಿದಿದ್ದರೆ ತಯಾರಕನ ಗುರುತಿನ ಹೊರತು ಏನೂ ದೊರೆಯದು.

ಅಮೆರಿಕದ ಬಿಲ್ಲೆಯನ್ನು ವಿನ್ಯಾಸಗೊಳಿಸಿದವನು ಅಂದು ಕಿರಿಯ ಅಧಿಕಾರಿಯಾಗಿದ್ದ ವಿಲಿಯಂ ಯಾರ್ಬರೊ. ೧೯೪೧ರ ಮಾರ್ಚಿನಲ್ಲಿ ಅದಕ್ಕೆ ಒಪ್ಪಿಗೆ ದೊರೆತು, ಫಿಲಡೆಲ್ಫಿಯ ನಗರದ ಆಭರಣ ವ್ಯಾಪಾರಿಗಳಾದ ಬೇಲಿ, ಬ್ಯಾಂಕ್ಸ್ ಅಂಡ್ ಬಿಡಲ್ ಸಂಸ್ಥೆಯಲ್ಲಿ ಮೊದಲ ೩೫೦ ಬಿಲ್ಲೆಗಳು ಸಿದ್ಧವಾದುವು. ಮೇಲಕ್ಕೆ ಬಾಗಿ ಪ್ಯಾರಾಶೂಟಿನ ಅಂಚನ್ನು ಮುಟ್ಟುವ ರೆಕ್ಕೆಗಳು ಇದರ ವೈಶಿಷ್ಟ್ಯ. ಬಿಲ್ಲೆಯ ಹಿಂದೆ ಇಡುವ ಬಣ್ಣದ ಬಟ್ಟೆಯ ಅಂಡಾಕಾರದ ತುಂಡಿನಿಂದ ದಳವನ್ನು ಗುರುತಿಸಬಹುದು. ರಣರಂಗದಲ್ಲಿ ಧುಮುಕಿದ ಪ್ರತಿ ಬಾರಿಗೂ ಒಂದು ಸಣ್ಣ ನಕ್ಷತ್ರವನ್ನು ಕೂಡಿಸುವ ಪದ್ಧತಿಯನ್ನು ಯುದ್ಧಕಾಲದಲ್ಲಿ ಸೈನಿಕರು ತಾವಾಗಿಯೇ ರೂಢಿಗೆ ತಂದರು. ಸರ್ಕಾರದ ಮನ್ನಣೆ ಅದಕ್ಕೆ ಬಹಳ ತಡವಾಗಿ ದೊರೆಯಿತು. ಆದ್ದರಿಂದ ನಕ್ಷತ್ರವಿರುವ ಬಿಲ್ಲೆಯನ್ನು ನೋಡಿದಾಗ ಅದು ಸರ್ಕಾರದ ದಾಖಲೆಯಲ್ಲ, ಸೈನಿಕನೇ ಬರೆದುಕೊಂಡ ತನ್ನ ಚರಿತ್ರೆ ಎಂಬುದನ್ನು ನೆನಪಿಡಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಚರಿತ್ರಕಾರನ ಗಮನಕ್ಕೆ ಅರ್ಹವಾದದ್ದು ಪೋಲೆಂಡಿನ ಬಿಲ್ಲೆ. ಜರ್ಮನಿ ರಷ್ಯಗಳ ನಡುವೆ ದೇಶವೇ ಹಂಚಿಹೋದಾಗ ಹೊರಬಂದ ಪೋಲಿಷ್ ಸೈನಿಕರು ಸ್ಕಾಟ್ಲೆಂಡಿನಲ್ಲಿ ಪ್ಯಾರಾಶೂಟ್ ಬ್ರಿಗೇಡನ್ನು ಕಟ್ಟಿದರು. ೧೯೪೧ರಲ್ಲಿ ಅವರ ಬಿಲ್ಲೆ ರೂಪುಗೊಂಡಿತು. ಎರಗುವ ಹದ್ದು ಅದರ ಮುಖ. ಬೆನ್ನಿನಲ್ಲಿ ‘ತಾಯ್ನಾಡೇ, ನಿನಗಾಗಿ’ ಎಂಬ ಅರ್ಥದ ಎರಡು ಪೋಲಿಷ್ ಪದಗಳೂ ಒಂದು ಕ್ರಮಸಂಖ್ಯೆಯೂ ಇವೆ. ರಣರಂಗದಲ್ಲಿ ಧುಮುಕಿದವನ ಹದ್ದಿಗೆ ಚಿನ್ನದ ಬಣ್ಣದ ಹಾರವನ್ನು ಕೂಡಿಸುತ್ತಿದ್ದರು. ಇತರ ದೇಶಗಳ ಬಿಲ್ಲೆಗಳು ಅನಾಮಧೇಯ. ಇದು ಮಾತ್ರ ಸಂಖ್ಯೆಯ ಮೂಲಕ ವ್ಯಕ್ತಿಯೊಬ್ಬನನ್ನು ನಿರ್ದೇಶಿಸುತ್ತದೆ. ಸಂಖ್ಯೆಯನ್ನು ಪಡೆಯ ದಾಖಲೆಗಳೊಡನೆ ಹೋಲಿಸಲು ಸಾಧ್ಯವಾದಾಗ ಹೆಸರೂ ಅದರ ಹಿಂದೆ ಮನೆತನವೂ ಹೊರಬರುತ್ತವೆ.

ಆ ಮನೆತನಗಳ ಚರಿತ್ರೆ ಕರುಣಾಜನಕವಾದದ್ದು. ವಾರ್ಸಾ ನಗರದಲ್ಲಿ ಧುಮುಕಿ ತಾಯ್ನಾಡನ್ನು ಬಿಡಿಸಬೇಕೆಂಬುದೇ ಬ್ರಿಗೇಡಿನ ಸಂಕಲ್ಪವಾಗಿದ್ದಿತು. ಆದರೆ ಅದನ್ನು ೧೯೪೪ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ಆರ್ನೆಮ್ ಕಾಳಗಕ್ಕೆ ಕಳುಹಿಸಲಾಯಿತು. ಡ್ರೀಲ್ ಗ್ರಾಮದ ಬಯಲಿನಲ್ಲಿ ಧುಮುಕಿದವರು ಭಾರಿ ನಷ್ಟವನ್ನನುಭವಿಸಿದರು. ಸೋಲಿನ ಹೊಣೆಯ ಒಂದು ಪಾಲು ಅವರ ನಾಯಕ ಸೊಸಬೋವ್ಸ್ಕಿಯ ಮೇಲೆ ಬಿದ್ದು ಅವನ ಅಧಿಕಾರ ಹೋಯಿತು. ಯುದ್ಧ ಮುಗಿದ ಮೇಲೆ ಸ್ವದೇಶದಲ್ಲಿ ಕಮ್ಯೂನಿಸ್ಟ್ ಆಡಳಿತ ನೆಲೆಗೊಂಡುದರಿಂದ ಬಹುಮಂದಿ ಬ್ರಿಟನ್ನಿನಲ್ಲೇ ಉಳಿದರು; ಸೊಸಬೋವ್ಸ್ಕಿ ಕಾರ್ಖಾನೆಯೊಂದರಲ್ಲಿ ದುಡಿದು ಜೀವಿಸಿದನು. ಹಾಲೆಂಡಿನ ಸರ್ಕಾರ ಬ್ರಿಗೇಡಿಗೂ ದಿವಂಗತ ನಾಯಕನಿಗೂ ಗೌರವಪದಕಗಳನ್ನಿತ್ತದ್ದು ೨೦೦೬ರಲ್ಲಿ, ಅರವತ್ತೆರಡು ವರ್ಷಗಳ ಮೇಲೆ. ಇಂಥ ಮನೆಗಳ ಮೊಮ್ಮಕ್ಕಳಲ್ಲಿ ಪೋಲಿಷ್ ಭಾಷೆಯನ್ನು ಬಾರದವರೂ ಉಂಟು. ತಾತನ ಬಿಲ್ಲೆಯ ಬೆನ್ನಿನ ಎರಡು ಪದಗಳನ್ನು ಓದಲಾರದವನ ಕೈಯಲ್ಲಿ ಅದು ಉಳಿದಾಗ, ವಸ್ತುವಿಗೂ ಅರ್ಥಕ್ಕೂ ಇದ್ದ ಸಂಬಂಧ ಒಂದೇ ಎಳೆಯ ಮೇಲೆ ನಿಂತಿರುತ್ತದೆ.

೩. ಬಿಲ್ಲೆಯ ಕಾಲನಿರ್ಣಯ

ಶಾಸನದ ಕಾಲವನ್ನು ಲಿಪಿಯಿಂದ ಊಹಿಸುವಂತೆ ಬಿಲ್ಲೆಯ ಕಾಲವನ್ನು ಅದರ ಲೋಹ, ಅಚ್ಚು, ಹಿಂಬದಿಯ ಪಿನ್ನು, ತಯಾರಕನ ಮುದ್ರೆಗಳಿಂದ ಊಹಿಸುತ್ತಾರೆ. ಜರ್ಮನಿಯ ಬಿಲ್ಲೆಗಳಲ್ಲಿ ಯುದ್ಧ ಮುಂದುವರಿದಂತೆ ಒಳ್ಳೆಯ ಲೋಹ ಹೋಗಿ ಸತುವು ಬರುತ್ತದೆ. ಬ್ರಿಟಿಷ್ ಸೇನೆಯ ಹಲವು ದಳಗಳಲ್ಲಿ ಲೋಹವನ್ನು ಉಳಿಸುವುದಕ್ಕಾಗಿ ಪ್ಲಾಸ್ಟಿಕ್ ಬಿಲ್ಲೆಗಳು ಬಂದುವು. ವಸ್ತುವಿನ ಬಡತನವೇ ಇಲ್ಲಿ ಕಾಲದ ಗುರುತು.

ಬ್ರಿಟಿಷ್ ಬಿಲ್ಲೆಗಳಲ್ಲಿ ಕಿರೀಟವೂ ಒಂದು ಸಾಧನ. ಆರನೆಯ ಜಾರ್ಜ್ ದೊರೆಯ ಕಾಲದ ಕಿರೀಟದ ಕಮಾನುಗಳು ದುಂಡಗೆ ಮೇಲೇಳುತ್ತವೆ. ೧೯೫೨ರಲ್ಲಿ ಎರಡನೆಯ ಎಲಿಜಬೆತ್ ಪಟ್ಟಕ್ಕೆ ಬಂದ ತರುವಾಯದ ಬಿಲ್ಲೆಗಳಲ್ಲಿ ಕಮಾನುಗಳು ನಡುವೆ ತಗ್ಗಿರುತ್ತವೆ. ತಗ್ಗಿದ ಕಿರೀಟವುಳ್ಳ ಬಿಲ್ಲೆಯನ್ನು ‘ಆರ್ನೆಮ್ಮಿನಲ್ಲಿ ಧರಿಸಿದ್ದು’ ಎಂದು ಹೇಳಿದರೆ ಅದು ಸುಳ್ಳೆಂದು ಒಡನೆಯೇ ತಿಳಿಯುತ್ತದೆ. ಆದರೆ ೨೦೨೨ರಲ್ಲಿ ಪಟ್ಟಕ್ಕೆ ಬಂದ ಮೂರನೆಯ ಚಾರ್ಲ್ಸ್ ದೊರೆ ಮತ್ತೆ ದುಂಡು ಕಮಾನಿನ ಕಿರೀಟವನ್ನೇ ಆಯ್ದುಕೊಂಡಿರುವುದರಿಂದ ದುಂಡು ಕಿರೀಟವುಳ್ಳದ್ದೆಲ್ಲ ಹಳೆಯದೆಂಬ ಸೂತ್ರ ಇನ್ನು ನಡೆಯದು. ಜರ್ಮನಿಯ ಬಿಲ್ಲೆಗೂ ಇಂಥ ಗುರುತೊಂದಿದೆ: ಸ್ವಸ್ತಿಕವನ್ನು ತೆಗೆದ ರೂಪದಲ್ಲಿ ಮಾತ್ರ ಯುದ್ಧಕಾಲದ ಬಿಲ್ಲೆಗಳನ್ನು ಧರಿಸಲು ಪಶ್ಚಿಮ ಜರ್ಮನಿಯ ೧೯೫೭ರ ಕಾನೂನು ಅನುಮತಿಯಿತ್ತಿತು. ಸ್ವಸ್ತಿಕವಿಲ್ಲದೆ ಅಚ್ಚಾದ ಬಿಲ್ಲೆಗಳು ಆ ಕಾನೂನಿನ ಅನಂತರದ ಕಾಲಕ್ಕೆ ಸೇರಿದುವು.

ಬೇಡಿಕೆ ಹೆಚ್ಚಿದಲ್ಲಿ ಕೃತಕ ವಸ್ತುಗಳೂ ಹೆಚ್ಚುತ್ತವೆ. ಮೊದಲಿನ ಅಚ್ಚುಗಳಿಂದಲೇ ಹೊಸದಾಗಿ ಹೊಡೆದ ಬಿಲ್ಲೆಗಳನ್ನು ಲೋಹಪರೀಕ್ಷೆಯಿಂದಲೂ ಬೇರ್ಪಡಿಸುವುದು ಕಷ್ಟ. ಇಂಥ ಸಂದರ್ಭದಲ್ಲಿ ನಿರ್ಣಾಯಕವಾದದ್ದು ಬಿಲ್ಲೆ ಯಾರ ಮನೆಯಿಂದ, ಯಾವ ಕಾಗದಗಳೊಡನೆ, ಯಾರ ಕೈಗೆ ಬಂದಿತೆಂಬ ಅವಿಚ್ಛಿನ್ನವಾದ ಪರಂಪರೆ. ಹಾಗಾಗಿ ಮನೆತನದ ವೃತ್ತಾಂತ ಬಿಲ್ಲೆಯ ಅಲಂಕಾರವಲ್ಲ; ಅದರ ಪ್ರಾಮಾಣ್ಯವೇ ಅದರಲ್ಲಿದೆ.

೪. ಭಾರತದ ಪಡೆ ಮತ್ತು ಸಂಗ್‌ಶಾಕ್ ಕಾಳಗ

ಈ ವಿಷಯ ನಮಗೆ ದೂರವಾದುದಲ್ಲ. ೧೯೪೧ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ೫೦ನೆಯ ಭಾರತೀಯ ಪ್ಯಾರಾಶೂಟ್ ಬ್ರಿಗೇಡು ಸ್ಥಾಪಿತವಾಯಿತು. ಅದರಲ್ಲಿ ೧೫೧ನೆಯದು ಬ್ರಿಟಿಷ್, ೧೫೨ನೆಯದು ಭಾರತೀಯ, ೧೫೩ನೆಯದು ಗೂರ್ಖಾ ಬೆಟಾಲಿಯನ್. ಇಂದು ಸಫ್ದರ್‌ಜಂಗ್ ಎಂದು ಹೆಸರಾಗಿರುವ ದೆಹಲಿಯ ವಿಲಿಂಗ್ಡನ್ ವಿಮಾನನಿಲ್ದಾಣದಲ್ಲಿ ಶಿಕ್ಷಣಶಾಲೆ ಆರಂಭವಾಗಿ, ಮರುವರ್ಷ ರಾವಲ್ಪಿಂಡಿಯ ಬಳಿಯ ಚಕ್ಲಾಲಕ್ಕೆ ಸ್ಥಳಾಂತರಗೊಂಡಿತು. ೧೫೨ನೆಯ ಬೆಟಾಲಿಯನ್ನಿನ ವೈದ್ಯಾಧಿಕಾರಿ ಲೆಫ್ಟಿನೆಂಟ್ ಎ. ಜಿ. ರಂಗರಾಜ್ ೧೯೪೧ರಲ್ಲಿಯೇ ಧುಮುಕಿ, ಈ ಪಡೆಯಲ್ಲಿ ಧುಮುಕಿದ ಮೊದಲ ಭಾರತೀಯರಲ್ಲೊಬ್ಬರಾದರು. ಹತ್ತು ವರ್ಷಗಳ ಅನಂತರ ಕೊರಿಯ ಯುದ್ಧದಲ್ಲಿ ೬೦ನೆಯ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸಿನ ನಾಯಕರಾಗಿ ಸೇವೆ ಸಲ್ಲಿಸಿ ಮಹಾವೀರಚಕ್ರವನ್ನು ಪಡೆದವರೂ ಇವರೇ.

೧೫೧ನೆಯ ಬ್ರಿಟಿಷ್ ಬೆಟಾಲಿಯನ್ ೧೯೪೨ರ ಕೊನೆಯಲ್ಲಿ ಮಧ್ಯಪ್ರಾಚ್ಯಕ್ಕೆ ಹೊರಟು ೧೫೬ನೆಯದೆಂಬ ಹೊಸ ಸಂಖ್ಯೆಯನ್ನು ಪಡೆಯಿತು. ೧೯೪೪ರಲ್ಲಿ ಆರ್ನೆಮ್ಮಿನಲ್ಲಿ ಕಾದಿ ಬಹುಮಟ್ಟಿಗೆ ನಾಶವಾಯಿತು. ಹೀಗೆ ಹಾಲೆಂಡಿನ ಸ್ಮಶಾನಗಳಲ್ಲಿ ಮಲಗಿರುವ ಕೆಲವು ಬ್ರಿಟಿಷ್ ಸೈನಿಕರು ದೆಹಲಿಯ ಬಯಲಿನಲ್ಲಿ ಧುಮುಕುವುದನ್ನು ಕಲಿತವರು. ಇಂಗ್ಲೆಂಡಿನ ಮನೆಯೊಂದರಲ್ಲಿ ದೊರೆತ ರೆಕ್ಕೆಯ ಬಿಲ್ಲೆಯ ಕಸೂತಿ ರಿಂಗ್‌ವೇ ಮಾದರಿಗೆ ಹೊಂದದಿದ್ದರೆ ಅದನ್ನು ನಕಲಿಯೆಂದು ಎಸೆಯುವ ಮುನ್ನ ಅದು ಭಾರತದ ದರ್ಜಿಯ ಕೈಕೆಲಸವಾಗಿರಬಹುದೇ ಎಂದು ವಿಚಾರಿಸಬೇಕಾದುದು ಈ ಕಾರಣದಿಂದ.

ಬ್ರಿಗೇಡಿನ ಮಹಾಪರೀಕ್ಷೆ ಒದಗಿದುದು ೧೯೪೪ರ ಮಾರ್ಚಿನಲ್ಲಿ, ಮಣಿಪುರದ ಉಖ್ರುಲ್ ಪ್ರಾಂತದ ಬೆಟ್ಟಗಳಲ್ಲಿ. ಜಪಾನಿನ ೩೧ನೆಯ ಡಿವಿಜನ್ನು ಕೊಹಿಮದ ಕಡೆಗೆ ನುಗ್ಗುತ್ತಿದ್ದ ದಾರಿಯಲ್ಲಿ ಈ ಪಡೆಯಿತ್ತು. ಮಾರ್ಚಿ ೧೯ರಂದು, ಅಡಿಗಳಲ್ಲಿನ ಎತ್ತರದಿಂದಲೇ ೭೩೭೮ ಎಂದು ನಕ್ಷೆಯಲ್ಲಿ ಗುರುತಾದ ಗುಡ್ಡದ ಮೇಲೆ ೧೫೨ನೆಯ ಬೆಟಾಲಿಯನ್ನಿನ ಒಂದು ಕಂಪೆನಿಯ ಮೇಲೆ ಶತ್ರು ಎರಗಿದನು. ಮರುದಿನದ ವೇಳೆಗೆ ಆ ಕಂಪೆನಿ ಬಹುತೇಕ ಅಳಿದುಹೋಯಿತು. ಉಳಿದ ಬ್ರಿಗೇಡು ಸಂಗ್‌ಶಾಕ್ ಗ್ರಾಮದ ದಿಬ್ಬವನ್ನು ಸೇರಿ ೨೨ರಿಂದ ೨೬ರವರೆಗೆ ಹಗಲಿರುಳು ಕಾದಿತು. ಅಲ್ಲಿ ನೀರಿನ ಸೆಲೆಯಿರಲಿಲ್ಲ, ಬಂಡೆಯ ನೆಲವಾದುದರಿಂದ ಆಳವಾದ ಕಂದಕಗಳನ್ನು ತೋಡಲಾಗಲಿಲ್ಲ, ಮುಳ್ಳುತಂತಿ ಇರಲಿಲ್ಲ, ವಿಮಾನದಿಂದ ಇಳಿಸಿದ ಸಾಮಗ್ರಿಯಲ್ಲಿ ಬಹುಭಾಗ ಶತ್ರುವಿನ ಪಾಲಾಯಿತು. ೨೬ರ ರಾತ್ರಿ ಹಿಂದೆಗೆಯುವ ಆಜ್ಞೆ ಬಂದು, ಬದುಕುಳಿದವರು ಕಾಡಿನ ದಾರಿಯಲ್ಲಿ ಇಂಫಾಲದ ಕಡೆಗೆ ನಡೆದರು. ಅಂದು ಸೋಲೆಂದೇ ತೋರಿದ ಈ ಕಾಳಗ ಶತ್ರುವನ್ನು ಅಮೂಲ್ಯವಾದ ಕೆಲವು ದಿನಗಳ ಕಾಲ ತಡೆದು, ಕೊಹಿಮ ಇಂಫಾಲಗಳ ರಕ್ಷಣೆಗೆ ಅವಕಾಶವನ್ನೊದಗಿಸಿತೆಂಬ ಅಭಿಪ್ರಾಯ ಕ್ರಮೇಣ ನೆಲೆಗೊಂಡಿದೆ.

ಪ್ರಕೃತ ವಿಷಯಕ್ಕೆ ಸಂಬಂಧಿಸಿದಂತೆ ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಸಂಗ್‌ಶಾಕಿನಲ್ಲಿ ಯಾವ ಸೈನಿಕನೂ ಆಕಾಶದಿಂದ ಇಳಿಯಲಿಲ್ಲ. ಪ್ಯಾರಾಶೂಟ್ ಬ್ರಿಗೇಡು ಅಲ್ಲಿ ಕಾದಿದ್ದು ಕಾಲಾಳುಗಳಾಗಿ. ಎರಡನೆಯದಾಗಿ, ಆ ದಿಬ್ಬದ ಮೇಲೆ ಅದರ ಮಗ್ಗುಲಲ್ಲಿ ೫ನೆಯ ಮರಾಠಾ ಲಘು ಪದಾತಿ ದಳದ ೪ನೆಯ ಬೆಟಾಲಿಯನ್ ನಿಂತಿತ್ತು. ಆ ದಳದ ಕೇಂದ್ರ ೧೯೨೨ರಿಂದ ಬೆಳಗಾವಿಯಲ್ಲಿದೆ. ಸುತ್ತಣ ಜಿಲ್ಲೆಗಳ ಹಳ್ಳಿಗಳಿಂದ ತಲೆಮಾರುಗಳ ಕಾಲ ಯುವಕರು ಅದರ ಪಲ್ಟಣಗಳಿಗೆ ಸೇರುತ್ತ ಬಂದಿದ್ದಾರೆ. ಅದೇ ದಿಬ್ಬದಲ್ಲಿ, ಅದೇ ಬಾಯಾರಿಕೆಯಲ್ಲಿ, ಅದೇ ಶತ್ರುವಿನೆದುರು ನಿಂತ ಮರಾಠಾ ಪಲ್ಟಣದ ಸಿಪಾಯಿಗೆ ರೆಕ್ಕೆಯ ಬಿಲ್ಲೆ ಇರಲಿಲ್ಲ. ಪ್ಯಾರಾಶೂಟ್ ಬಿಲ್ಲೆಗಳ ಸಂಗ್ರಹಕಾರನ ಪೆಟ್ಟಿಗೆಯಲ್ಲಿ ಅವನಿಗೆ ಸ್ಥಳವಿಲ್ಲ. ಬಿಲ್ಲೆಗಳ ಮೂಲಕವೇ ಕಾಳಗದ ಚರಿತ್ರೆಯನ್ನು ಬರೆಯಹೊರಟರೆ ಅದರ ಅರ್ಧವೇ ಕಾಣುತ್ತದೆ. ಮನುಷ್ಯ ಯಾವ ಶಾಲೆಯಲ್ಲಿ ಉತ್ತೀರ್ಣನಾದನೆಂಬುದನ್ನು ಬಿಲ್ಲೆ ಹೇಳುತ್ತದೆ. ಯಾವ ನೆಲದಲ್ಲಿ ನಿಂತನೆಂಬುದನ್ನು ಹೇಳಬೇಕಾದವರು ಅವನೂ ಅವನ ಮನೆಯವರೂ.

ಭಾರತೀಯ ಪ್ಯಾರಾಶೂಟ್ ರೆಜಿಮೆಂಟು ಪ್ರತ್ಯೇಕವಾಗಿ ಸ್ಥಾಪಿತವಾದದ್ದು ೧೯೪೫ರ ಮಾರ್ಚಿ ೧ರಂದು. ಅದರ ಟೋಪಿಯ ಬಿಲ್ಲೆ ಬ್ರಿಟಿಷ್ ಬಿಲ್ಲೆಯಂತೆಯೇ ಇದ್ದು ಪ್ಯಾರಾಶೂಟಿನ ಬುಡದಲ್ಲಿ ‘ಇಂಡಿಯ’ ಎಂಬ ಪದವನ್ನು ಹೊಂದಿತ್ತು. ಅದೇ ವರ್ಷದ ಮೇ ೧ರಂದು ರಂಗೂನಿನ ಬಳಿಯ ಎಲಿಫೆಂಟ್ ಪಾಯಿಂಟಿನಲ್ಲಿ ಗೂರ್ಖಾ ಪ್ಯಾರಾಶೂಟ್ ಬೆಟಾಲಿಯನ್ನೊಂದು ಧುಮುಕಿತು. ೧೯೪೬ರಲ್ಲಿ ರೆಜಿಮೆಂಟನ್ನು ವಿಸರ್ಜಿಸಲಾಯಿತು. ಎರಡು ವರ್ಷವೂ ತುಂಬದ ಈ ಅಲ್ಪಾಯುಷ್ಯದಿಂದಾಗಿ ಆ ಬಿಲ್ಲೆ ಅಪೂರ್ವವಾಗಿದೆ. ೧೯೪೭ರ ವಿಭಜನೆಯಲ್ಲಿ ೫೦ ಮತ್ತು ೭೭ನೆಯ ಪ್ಯಾರಾಶೂಟ್ ಬ್ರಿಗೇಡುಗಳು ಭಾರತಕ್ಕೂ ೧೪ನೆಯದು ಪಾಕಿಸ್ತಾನಕ್ಕೂ ಸಂದುವು. ಒಂದೇ ಬಿಲ್ಲೆಯನ್ನು ಧರಿಸಿದ್ದವರು ಎರಡು ದೇಶಗಳ ಪ್ರಜೆಗಳಾದರು. ೫೦ನೆಯ ಬ್ರಿಗೇಡಿನ ನಾಯಕರಾಗಿ ೧೯೪೮ರ ಜುಲೈ ೩ರಂದು ಕಾಶ್ಮೀರದ ಝಂಗರಿನಲ್ಲಿ ಮಡಿದ ಬ್ರಿಗೇಡಿಯರ್ ಮಹಮ್ಮದ್ ಉಸ್ಮಾನರ ಹೆಸರು ಎಲ್ಲರಿಗೂ ತಿಳಿದದ್ದು. ಇಂದಿನ ಪ್ಯಾರಾಶೂಟ್ ರೆಜಿಮೆಂಟು ೧೯೫೨ರಲ್ಲಿ ರೂಪುಗೊಂಡಾಗ ಮರಾಠಾ ದಳದ ೩ನೆಯ ಬೆಟಾಲಿಯನ್ನೇ ಅದರ ೨ನೆಯ ಬೆಟಾಲಿಯನ್ ಆಯಿತು; ೧೯೭೧ರ ಡಿಸೆಂಬರ್ ೧೧ರಂದು ಟಂಗೈಲಿನಲ್ಲಿ ಧುಮುಕಿದ್ದು ಇದೇ ಬೆಟಾಲಿಯನ್. ರೆಜಿಮೆಂಟಿನ ಶಿಕ್ಷಣ ಕೇಂದ್ರ ೧೯೯೨ರಿಂದ ಬೆಂಗಳೂರಿನಲ್ಲಿದೆ.

೫. ಮನೆತನದ ವೃತ್ತಾಂತವನ್ನು ಅರಸುವ ಬಗೆ

ಮಡಿದ ಸೈನಿಕನ ವಿಷಯದಲ್ಲಿ ಮೊದಲ ಆಧಾರ ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗದ ದಾಖಲೆಗಳು. ಭಾರತೀಯ ಸಿಪಾಯಿಗಳ ನಮೂದುಗಳಲ್ಲಿ ಸಂಖ್ಯೆ, ದಳ, ಮಡಿದ ದಿನಾಂಕಗಳ ಜೊತೆಗೆ ತಂದೆಯ ಹೆಸರು, ಹೆಂಡತಿಯ ಹೆಸರು, ಗ್ರಾಮ, ಜಿಲ್ಲೆಗಳು ಹಲವೆಡೆ ದೊರೆಯುತ್ತವೆ. ಸಮಾಧಿಯಿಲ್ಲದವರನ್ನು ರಂಗೂನಿನ ಬಳಿ ಟೌಕ್ಯಾನಿನ ಸ್ಮಾರಕದಲ್ಲಿ ಸ್ಮರಿಸಿದ್ದಾರೆ. ಅಲ್ಲಿ ಸುಮಾರು ೨೭,೦೦೦ ಹೆಸರುಗಳಿವೆ. ಇಂಫಾಲದಲ್ಲಿ ಸಮಾಧಿಗಳೂ, ದಹನಸಂಸ್ಕಾರ ಪಡೆದವರ ಸ್ಮಾರಕವೂ ಇವೆ. ತಂದೆಯ ಹೆಸರು, ಊರಿನ ಹೆಸರುಗಳುಳ್ಳ ಆ ಒಂದು ಪಂಕ್ತಿಯೇ ನಮ್ಮ ವೀರಗಲ್ಲಿನ ಬರೆಹಕ್ಕೆ ಸಮಾನವಾದದ್ದು.

ಬದುಕಿ ಬಂದವನ ಚರಿತ್ರೆಯನ್ನು ಅರಸುವುದು ಇದಕ್ಕಿಂತ ಕಷ್ಟ. ಬ್ರಿಟಿಷ್ ಸೈನಿಕರ ಸೇವಾದಾಖಲೆಗಳನ್ನು ಅಲ್ಲಿಯ ರಕ್ಷಣಾ ಇಲಾಖೆ ೨೦೨೨ರಿಂದ ರಾಷ್ಟ್ರೀಯ ಪತ್ರಾಗಾರಕ್ಕೆ ವರ್ಗಾಯಿಸತೊಡಗಿತು. ಭಾರತೀಯ ಸೇನೆಯ ಅಧಿಕಾರಿಗಳ ಕಾಗದಗಳು ಬಹುವಾಗಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಸಿಪಾಯಿಯ ಕಾಗದಗಳನ್ನು ಅರಸಬೇಕಾದದ್ದು ಅವನ ರೆಜಿಮೆಂಟಿನ ದಾಖಲೆ ಕಚೇರಿಯಲ್ಲಿ. ಆದುದರಿಂದ ಮನೆಯಲ್ಲಿ ಉಳಿದ ಸಾಮಗ್ರಿಗೆ ಇಲ್ಲಿ ಹೆಚ್ಚಿನ ಬೆಲೆ. ಸೇವೆಯಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕ, ಪಿಂಚಣಿಯ ಕಾಗದ, ಮನಿಆರ್ಡರಿನ ರಸೀದಿ, ಭಾವಚಿತ್ರ, ಟಪ್ಪಾಲಿನ ಮುದ್ರೆಯುಳ್ಳ ಲಕೋಟೆ, ಇವುಗಳಲ್ಲಿ ಒಂದೊಂದೂ ಬಿಲ್ಲೆಗಿಂತ ಹೆಚ್ಚು ಮಾತನಾಡುತ್ತದೆ. ಪದಕಗಳ ಅಂಚನ್ನು ನೋಡುವುದನ್ನೂ ಮರೆಯಬಾರದು. ಬ್ರಿಟಿಷ್ ಸೈನಿಕರಿಗಿತ್ತ ಆ ಯುದ್ಧದ ಸೇವಾಪದಕಗಳಲ್ಲಿ ಹೆಸರನ್ನು ಕೆತ್ತುತ್ತಿರಲಿಲ್ಲ. ಭಾರತೀಯ ಸೈನಿಕರ ಪದಕಗಳಲ್ಲಾದರೋ ಸಂಖ್ಯೆ, ಹುದ್ದೆ, ಹೆಸರು, ದಳಗಳನ್ನು ಕೆತ್ತಿರುವುದು ಸಾಮಾನ್ಯ. ಬಿಲ್ಲೆಯಲ್ಲಿ ದೊರೆಯದ ಹೆಸರು ಅದೇ ಪೆಟ್ಟಿಗೆಯ ಪದಕದಲ್ಲಿ ದೊರೆಯಬಹುದು. ಇವೆರಡನ್ನು ಬೇರೆ ಬೇರೆಯಾಗಿ ಮಾರಿದ ದಿನ ಆ ಸಾಧ್ಯತೆಯೂ ಹೋಗುತ್ತದೆ.

ಮನೆಯವರ ಮಾತನ್ನು ಗೌರವದಿಂದ ಕೇಳಬೇಕು. ಆದರೆ ಕೇಳಿದುದನ್ನೆಲ್ಲ ನಿಜವೆಂದು ಬರೆಯಬಾರದು. ಮುದುಕನಾದ ಸೈನಿಕ ಹೇಳಿದ ‘ಬರ್ಮಾ ಗಡಿ’ ಮೊಮ್ಮಕ್ಕಳ ಬಾಯಲ್ಲಿ ‘ರಂಗೂನ್’ ಆಗುವುದು ಸಹಜ. ಪ್ಯಾರಾಶೂಟಿನಿಂದ ಇಳಿದ ಸಾಮಗ್ರಿಯನ್ನು ಆಯ್ದವನು ಕಾಲಾಂತರದಲ್ಲಿ ಪ್ಯಾರಾಶೂಟಿನಿಂದ ಇಳಿದವನೇ ಆಗಿಬಿಡಬಹುದು. ಇದರಲ್ಲಿ ಮೋಸವಿಲ್ಲ, ನೆನಪಿನ ಸ್ವಭಾವವೇ ಹೀಗೆ. ಹೇಳಿದ ಮಾತನ್ನು ಹೇಳಿದಂತೆಯೇ, ಹೇಳಿದವರ ಮತ್ತು ಸೈನಿಕನ ಬಾಂಧವ್ಯದೊಡನೆ, ದಿನಾಂಕದೊಡನೆ ಬರೆದುಕೊಂಡು, ದಾಖಲೆಯಿಂದ ತಿಳಿದುದನ್ನು ಪ್ರತ್ಯೇಕವಾಗಿ ಬರೆದರೆ ಎರಡಕ್ಕೂ ನ್ಯಾಯ ದೊರೆಯುತ್ತದೆ. ಹೆಂಗಸರನ್ನು ಕೇಳದೆ ಬರುವುದು ದೊಡ್ಡ ಲೋಪ. ಗಂಡ ದಂಡಿಗೆ ಹೋದಾಗ ಹೊಲವನ್ನು ಯಾರು ನೋಡಿಕೊಂಡರು, ಹಣ ಎಂದು ಬರುತ್ತಿತ್ತು, ಸುದ್ದಿಯಿಲ್ಲದ ತಿಂಗಳುಗಳು ಹೇಗೆ ಕಳೆದುವು ಎಂಬ ಯುದ್ಧದ ಇನ್ನೊಂದು ಮುಖ ಯಾವ ಸೇವಾದಾಖಲೆಯಲ್ಲೂ ಇಲ್ಲ. ಅದು ಉಳಿದಿರುವುದು ಅಜ್ಜಿಯರಿಂದ ಹೆಣ್ಣುಮಕ್ಕಳು ಕೇಳಿದ ಮಾತಿನಲ್ಲಿ.

ಮನೆತನದ ಚರಿತ್ರೆ ಯಾವಾಗಲೂ ಹೆಮ್ಮೆಯ ಚರಿತ್ರೆಯಾಗಿರುವುದಿಲ್ಲ. ೧೯೪೧ರ ಮೇ ೨೦ರಂದು ಜರ್ಮನಿಯ ಪ್ಯಾರಾಶೂಟ್ ಸೈನಿಕರು ಕ್ರೀಟ್ ದ್ವೀಪದ ಮೇಲೆ ಇಳಿದರು. ಸಾವಿರಾರು ಮಂದಿ ಮಡಿದರು. ದ್ವೀಪ ಅವರ ವಶವಾಯಿತು. ಜೂನ್ ೨ರಂದು ಕೊಂಡೊಮರಿ ಗ್ರಾಮದ ಗಂಡಸರನ್ನು ಆಲಿವ್ ತೋಪಿನಲ್ಲಿ ನಿಲ್ಲಿಸಿ ಗುಂಡಿಕ್ಕಿದವರೂ ಇದೇ ಪಡೆಯವರು. ಆ ಕೃತ್ಯದ ಛಾಯಾಚಿತ್ರಗಳು ಉಳಿದಿವೆ. ಅಂಥ ಬಿಲ್ಲೆಯೊಂದು ಜರ್ಮನಿಯ ಮನೆಯ ಮೇಜಿನ ಖಾನೆಯಲ್ಲಿ ದೊರೆತಾಗ ಮೊಮ್ಮಗಳ ಮುಂದೆ ನಿಲ್ಲುವ ಪ್ರಶ್ನೆ ಬಿಲ್ಲೆಯ ಬೆಲೆಯೆಷ್ಟೆಂಬುದಲ್ಲ. ತಾತ ಆ ದಿನ ಎಲ್ಲಿದ್ದನೆಂಬುದು. ಇದಕ್ಕೆ ಬಿಲ್ಲೆಯಿಂದ ಉತ್ತರ ದೊರೆಯದು. ಬಿಲ್ಲೆ ಇದ್ದ ಮಾತ್ರಕ್ಕೆ ಅವನು ಅಪರಾಧಿಯೂ ಅಲ್ಲ, ನಿರಪರಾಧಿಯೂ ಅಲ್ಲ. ಸೈನಿಕರ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ಬರ್ಲಿನ್ನಿನ ಕಚೇರಿ ೨೦೧೯ರಲ್ಲಿ ಆ ದೇಶದ ಸಂಯುಕ್ತ ಪತ್ರಾಗಾರದಲ್ಲಿ ಲೀನವಾಗಿದ್ದು, ವಂಶಸ್ಥರು ಅಲ್ಲಿ ವಿಚಾರಿಸಬಹುದು. ವಿಚಾರಿಸದೆ ಬಿಲ್ಲೆಯನ್ನು ಮಾರಿಬಿಡುವವನೂ, ವಿಚಾರಿಸದೆ ಅದನ್ನು ಕೊಂಡು ಗಾಜಿನ ಪೆಟ್ಟಿಗೆಯಲ್ಲಿಡುವವನೂ ಒಂದೇ ಪ್ರಶ್ನೆಯಿಂದ ತಪ್ಪಿಸಿಕೊಂಡಂತಾಗುತ್ತದೆ.

೬. ನಮ್ಮ ಮುಂದಿರುವ ಕೆಲಸ

ಸಂಗ್ರಹಕಾರರನ್ನು ದೂಷಿಸುವುದು ಈ ಲೇಖನದ ಆಶಯವಲ್ಲ. ಅವರು ಕೂಡಿಡದಿದ್ದರೆ ಎಷ್ಟೋ ಬಿಲ್ಲೆಗಳು ಪಾತ್ರೆಯ ವ್ಯಾಪಾರಿಯ ತಕ್ಕಡಿಯನ್ನು ಸೇರುತ್ತಿದ್ದುವು. ತಯಾರಿಕೆಯ ವಿವರಗಳನ್ನೂ ನಕಲಿಗಳ ಲಕ್ಷಣಗಳನ್ನೂ ಶ್ರಮದಿಂದ ಗುರುತಿಸಿದವರು ಅವರೇ. ಆದರೆ ಕೊಳ್ಳುವಾಗ ಬೆಲೆಯನ್ನು ಕೇಳುವಂತೆಯೇ ಹೆಸರನ್ನೂ ಕೇಳಿ ಬರೆದಿಡುವ ಸಂಗ್ರಹಕಾರನ ಸಂಗ್ರಹ ಮಾತ್ರ ಚರಿತ್ರೆಗೆ ಆಧಾರವಾಗುತ್ತದೆ.

ನಮ್ಮ ಕಾಲೇಜುಗಳಲ್ಲಿ, ವಿಶೇಷವಾಗಿ ಬೆಳಗಾವಿ ಮತ್ತು ಅದರ ನೆರೆಯ ಜಿಲ್ಲೆಗಳಲ್ಲಿ, ಈ ಕೆಲಸವನ್ನು ಕೈಗೊಳ್ಳಲು ದೊಡ್ಡ ವೆಚ್ಚ ಬೇಕಿಲ್ಲ. ಒಬ್ಬ ವಿದ್ಯಾರ್ಥಿ ತನ್ನ ಊರಿನಲ್ಲಿ ಆ ಯುದ್ಧಕ್ಕೆ ಹೋದವರ ಪಟ್ಟಿಯೊಂದನ್ನು ಮಾಡಲಿ. ಬಿಲ್ಲೆ ಇದ್ದವರನ್ನೂ ಇಲ್ಲದವರನ್ನೂ ಸಮಾನವಾಗಿ ಸೇರಿಸಲಿ. ವಸ್ತುಗಳನ್ನು ಮನೆಯಲ್ಲೇ ಬಿಟ್ಟು ಅವುಗಳ ಎರಡು ಮುಖಗಳ ಚಿತ್ರವನ್ನೂ ಕಾಗದಗಳ ಪ್ರತಿಯನ್ನೂ ಮನೆಯವರ ಒಪ್ಪಿಗೆಯಿಂದ ತೆಗೆದುಕೊಳ್ಳಲಿ. ಹೇಳಿಕೆಯನ್ನು ಮನೆಯ ಮಾತಿನಲ್ಲಿಯೇ, ಅದು ಕನ್ನಡವಾಗಲಿ ಮರಾಠಿಯಾಗಲಿ, ಬರೆದುಕೊಳ್ಳಲಿ. ಒಂದು ಪ್ರತಿ ಕಾಲೇಜಿನ ಗ್ರಂಥಾಲಯದಲ್ಲೂ ಒಂದು ಪ್ರತಿ ಆ ಮನೆಯಲ್ಲೂ ಉಳಿಯಲಿ.

ಈ ಕೆಲಸಕ್ಕೆ ಕಾಲಾವಕಾಶ ಹೆಚ್ಚಿಲ್ಲ. ೧೯೪೪ರಲ್ಲಿ ಇಪ್ಪತ್ತು ವರ್ಷದವನಾಗಿದ್ದ ಸಿಪಾಯಿ ೨೦೨೪ಕ್ಕೆ ನೂರು ವರ್ಷದವನಾದನು. ಅವರ ಬಾಯಿಂದಲೇ ಕೇಳುವ ಕಾಲ ಬಹುಮಟ್ಟಿಗೆ ಕಳೆದುಹೋಗಿದೆ. ಅವರಿಂದ ಕೇಳಿದ ಮಕ್ಕಳೂ ವೃದ್ಧರಾಗಿದ್ದಾರೆ. ಶಾಸನ ಸಾವಿರ ವರ್ಷ ಕಾದಿತ್ತು. ನೆನಪು ಹಾಗೆ ಕಾಯುವುದಿಲ್ಲ. ಬಿಲ್ಲೆಯನ್ನು ಯಾವಾಗ ಬೇಕಾದರೂ ಕೊಳ್ಳಬಹುದು. ಅದನ್ನು ತೊಟ್ಟವನ ಹೆಸರು ಒಮ್ಮೆ ಕಳೆದುಹೋದರೆ ಯಾವ ಬೆಲೆಗೂ ದೊರೆಯುವುದಿಲ್ಲ.